ದೋಷದ ಕೈಗೆ ಎಟುಕದ ಲಾಕ್: ಕರ್ನಲ್ ಮೆಮೊರಿ ತಪ್ಪುಗಳ ಪತ್ತೆಯಲ್ಲಿ ನಂಬಿಕೆಯ ಪ್ರಶ್ನೆ



ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಬಹಳ ಕಿರಿದು. ಲಿನಕ್ಸ್ ಕರ್ನಲ್ ತನ್ನ ಮೆಮೊರಿಯಲ್ಲಿ ಆಗುವ ತಪ್ಪುಗಳನ್ನು ತಾನೇ ಪತ್ತೆಹಚ್ಚಿಕೊಳ್ಳಲು ಕೆಲವು ಸಾಧನಗಳನ್ನು ಇಟ್ಟುಕೊಂಡಿದೆ. ಯಾವ ತುಂಡು ಮೆಮೊರಿಯನ್ನು ಯಾರು ಪಡೆದರು, ಯಾರು ಬಿಟ್ಟುಕೊಟ್ಟರು ಎಂಬ ಲೆಕ್ಕಪತ್ರವನ್ನು ಆ ಸಾಧನಗಳು ಬರೆದಿಡಬೇಕಾಗುತ್ತದೆ. ಅದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಹಲವು ಸಿಪಿಯುಗಳು ಒಂದೇ ಹೊತ್ತಿನಲ್ಲಿ ಈ ಲೆಕ್ಕಪತ್ರವನ್ನು ಮುಟ್ಟುವುದರಿಂದ ಅದಕ್ಕೊಂದು ಲಾಕ್ ಬೇಕು. ಮೆಮೊರಿ ಕೆಟ್ಟಾಗ ಆ ಲೆಕ್ಕಪತ್ರವೂ ಕೆಟ್ಟಿರಬಹುದು, ಅದರೊಂದಿಗೆ ಲಾಕ್ ಕೂಡ ಕೆಟ್ಟಿರಬಹುದು. ಆಗ ಪತ್ತೆಗಾರ ಯಾವ ಲಾಕನ್ನು ನಂಬಿ ಕೆಲಸ ಮಾಡಬೇಕು ಎಂಬುದೇ ಇಂದಿನ ಪ್ರಶ್ನೆ.

ನನ್ನ ಮಾತನ್ನು ನಾಲ್ಕು ಭಾಗಗಳಾಗಿ ಮಾಡಿಕೊಂಡಿದ್ದೇನೆ. ಕೆಟ್ಟ ಲಾಕ್ ಎಂದರೆ ನಿಜವಾಗಿ ಏನಾಗುತ್ತದೆ ಎಂಬುದು ಮೊದಲ ಭಾಗ. ಲೆಕ್ಕಪತ್ರವನ್ನು ಎಲ್ಲಿ ಇಡಬೇಕು ಎಂಬುದು ಎರಡನೆಯದು. ವರದಿ ಬರೆಯುವ ಗಳಿಗೆಯಲ್ಲಿ ಪಾಲಿಸಬೇಕಾದ ಶಿಸ್ತು ಮೂರನೆಯದು. ಲಾಕೇ ಬೇಡವಾಗುವಂತೆ ವಿನ್ಯಾಸ ಮಾಡುವುದು ನಾಲ್ಕನೆಯದು. ಕೊನೆಯಲ್ಲಿ ಕೆಲವು ಆಕ್ಷೇಪಗಳಿಗೆ ಉತ್ತರ ಹೇಳುತ್ತೇನೆ. ಇಡೀ ಉಪನ್ಯಾಸದ ವಾದ ಇಷ್ಟು: ಪತ್ತೆಗಾರ ಹಿಡಿಯುವ ಲಾಕ್ ಅವನು ಹುಡುಕುತ್ತಿರುವ ದೋಷದ ಕೈಗೆ ಸುಲಭವಾಗಿ ಎಟುಕಬಾರದು, ಎಟುಕುವ ಸಾಧ್ಯತೆ ಉಳಿದೇ ಉಳಿದರೆ ಅವನು ಆ ಲಾಕಿಗಾಗಿ ಕಾಯುತ್ತ ನಿಲ್ಲಬಾರದು.

ಭಾಗಗಳಿಗೆ ಹೋಗುವ ಮುನ್ನ ಸ್ವಲ್ಪ ಹಿನ್ನೆಲೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ ಇಂದು ದೊಡ್ಡ ಸರ್ವರ್‌ಗಳಲ್ಲಿದೆ, ಪ್ರತಿಯೊಂದು ಆಂಡ್ರಾಯ್ಡ್ ಫೋನಿನಲ್ಲಿದೆ. ಅದರ ಬಹುಪಾಲು ಸಿ ಭಾಷೆಯಲ್ಲಿದೆ. ಪಡೆದ ಜಾಗದ ಎಲ್ಲೆ ಮೀರಿ ಬರೆದರೂ, ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಿದರೂ ಸಿ ಭಾಷೆ ತಾನಾಗಿ ತಡೆಯುವುದಿಲ್ಲ. ಇಂಥ ತಪ್ಪಿನ ದೊಡ್ಡ ಕಷ್ಟವೆಂದರೆ ಅದು ಆದ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು. ಒಂದು ಡ್ರೈವರ್ ಎಲ್ಲೆ ಮೀರಿ ಬರೆದ ಎರಡು ಬೈಟುಗಳಿಂದ, ಅದಕ್ಕೆ ಸಂಬಂಧವೇ ಇಲ್ಲದ ಫೈಲ್ ಸಿಸ್ಟಮ್ ಎಷ್ಟೋ ಹೊತ್ತಿನ ಮೇಲೆ ಕುಸಿಯಬಹುದು. ತಮ್ಮ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡಾ 70ರಷ್ಟು ಮೆಮೊರಿ ತಪ್ಪುಗಳಿಗೆ ಸೇರಿದವು ಎಂದು ಮೈಕ್ರೋಸಾಫ್ಟ್ 2019ರಲ್ಲೂ ಕ್ರೋಮಿಯಂ ಯೋಜನೆ 2020ರಲ್ಲೂ ಹೇಳಿದವು. ಅವು ಬೇರೆ ತಂತ್ರಾಂಶಗಳು, ನಿಜ. ಆದರೆ ಸಿ ಮತ್ತು ಅದರ ಸಮೀಪದ ಭಾಷೆಗಳಲ್ಲಿ ಬರೆದ ದೊಡ್ಡ ತಂತ್ರಾಂಶದ ಸ್ವಭಾವ ಅಲ್ಲಿ ಕಾಣುತ್ತದೆ.

ಕರ್ನಲ್‌ನಲ್ಲಿ ಈ ತಪ್ಪುಗಳನ್ನು ಹಿಡಿಯುವ ಮೂರು ಸಾಧನಗಳನ್ನು ಇಂದು ಮತ್ತೆ ಮತ್ತೆ ಹೆಸರಿಸುತ್ತೇನೆ. ಮೊದಲನೆಯದು ಸ್ಲಬ್. ಇದು 2007ರಲ್ಲಿ ಬಂದ ಮೆಮೊರಿ ಹಂಚುವ ವ್ಯವಸ್ಥೆ. ಅದರೊಳಗೇ ತಪಾಸಣೆಯ ಒಂದು ವಿಧಾನವಿದೆ. ಎರಡನೆಯದು ಕೇಸಾನ್. 2015ರಲ್ಲಿ ಲಿನಕ್ಸ್ 4.0ರೊಂದಿಗೆ ಸೇರಿದ ಇದು ಪ್ರತಿ 8 ಬೈಟ್ ಮೆಮೊರಿಗೆ 1 ಬೈಟಿನ ನೆರಳು ದಾಖಲೆ ಇಟ್ಟುಕೊಂಡು, ಕಂಪೈಲರ್ ಸೇರಿಸಿದ ಸೂಚನೆಗಳ ಮೂಲಕ ಪ್ರತಿ ಓದುವಿಕೆಯನ್ನೂ ಬರಹವನ್ನೂ ಮುಂಚಿತವಾಗಿ ಪರೀಕ್ಷಿಸುತ್ತದೆ. ಮೂರನೆಯದು ಕೆಫೆನ್ಸ್, 2021ರಲ್ಲಿ ಲಿನಕ್ಸ್ 5.12ರೊಂದಿಗೆ ಬಂದದ್ದು. ಬ್ರೂಸ್ ಪೆರೆನ್ಸ್ 1987ರಲ್ಲಿ ಬರೆದ ಎಲೆಕ್ಟ್ರಿಕ್ ಫೆನ್ಸ್ ಎಂಬ ಹಳೆಯ ಸಾಧನದ ವಿಚಾರವನ್ನು ಅದು ಕರ್ನಲ್‌ಗೆ ಒಗ್ಗಿಸಿತು. ಅದು ಎಲ್ಲ ಹಂಚಿಕೆಗಳನ್ನೂ ಕಾಯುವುದಿಲ್ಲ. ಸಾಮಾನ್ಯ ಹೊಂದಿಕೆಯಲ್ಲಿ 100 ಮಿಲಿಸೆಕೆಂಡಿಗೊಮ್ಮೆ ಒಂದು ಹಂಚಿಕೆಯನ್ನು ಆರಿಸಿಕೊಂಡು, ಎರಡೂ ಬದಿ ಮುಟ್ಟಲಾಗದ ಪೇಜುಗಳಿರುವ ಪ್ರತ್ಯೇಕ ಪೇಜಿನಲ್ಲಿ ಇಡುತ್ತದೆ. 4 ಕಿಲೋಬೈಟಿನ ಪೇಜುಗಳಿದ್ದರೆ 255 ವಸ್ತುಗಳಿಗೆ, ಅಂದರೆ ಹಂಚಿದ ಮೆಮೊರಿ ತುಂಡುಗಳಿಗೆ, 2 ಮೆಗಾಬೈಟ್ ಸಾಕು. ಖರ್ಚು ಕಡಿಮೆಯಾದ್ದರಿಂದ ಜನ ದಿನವೂ ಬಳಸುವ ಯಂತ್ರಗಳಲ್ಲಿ ಇದು ತಿಂಗಳುಗಟ್ಟಲೆ ಓಡುತ್ತಿರಬಹುದು. ಕೇಸಾನ್ ಹೆಚ್ಚಾಗಿ ಪ್ರಯೋಗಾಲಯದ ಸಾಧನವಾದರೆ, ಕೆಫೆನ್ಸ್ ಬಳಕೆಯ ನೆಲದ ಸಾಧನ. ಆದ್ದರಿಂದಲೇ ಅದರ ಲಾಕಿನ ನಡತೆ ಹೆಚ್ಚು ಮುಖ್ಯ.

ಈಗ ಮೊದಲ ಭಾಗ: ಕೆಟ್ಟ ಲಾಕ್ ಏನು ಮಾಡುತ್ತದೆ? ಹಿಡಿದ ಲಾಕನ್ನು ಯಾರೋ ಬಿಡದಿದ್ದರೆ ಉಳಿದವರು ಕಾಯುತ್ತಾರೆ, ಅಷ್ಟೇ ಎಂಬ ಕಲ್ಪನೆ ಸಾಮಾನ್ಯ. ಆದರೆ ಲಾಕ್ ಕೂಡ ಮೆಮೊರಿಯಲ್ಲಿರುವ ಒಂದು ಸಂಖ್ಯೆ. 2015ರಿಂದ ಎಕ್ಸ್86 ಯಂತ್ರಗಳಲ್ಲಿ ಕರ್ನಲ್ ಬಳಸುವ ಸರತಿ ಸ್ಪಿನ್‌ಲಾಕ್ 32 ಬಿಟ್‌ಗಳ ಒಂದು ಪದ. ಅದರ ಕೆಳಗಿನ 8 ಬಿಟ್ ಲಾಕ್ ಯಾರ ಕೈಯಲ್ಲಾದರೂ ಇದೆಯೇ ಎಂಬುದನ್ನು ಹೇಳುತ್ತವೆ. ಅದರ ಮೇಲಿನ ಒಂದು ಬಿಟ್, ಮುಂದಿನ ಸರದಿಗೆ ಒಬ್ಬರು ಬಾಗಿಲಲ್ಲೇ ನಿಂತಿದ್ದಾರೆ ಎಂಬ ಗುರುತು. ಮೇಲ್ತುದಿಯ 16 ಬಿಟ್ ಸರತಿಯ ಕೊನೆಯಲ್ಲಿ ನಿಂತಿರುವ ಸಿಪಿಯು ಯಾವುದೆಂದು ಹೇಳುತ್ತವೆ. ಈ ವಿವರವನ್ನು ನೆನಪಿನಲ್ಲಿಟ್ಟುಕೊಂಡು ಸ್ಲಬ್ ತಪಾಸಣೆಯ ಒಂದು ರೂಢಿಯನ್ನು ನೋಡೋಣ. ಬಿಟ್ಟುಕೊಟ್ಟ ವಸ್ತುವಿನ ಬೈಟುಗಳನ್ನೆಲ್ಲ ಅದು ಒಂದು ವಿಷದ ಗುರುತಿನಿಂದ ತುಂಬುತ್ತದೆ: ಹೆಕ್ಸ್ ಎಣಿಕೆಯಲ್ಲಿ ‘6ಬಿ’, ನಮ್ಮ ಎಣಿಕೆಯಲ್ಲಿ 107. ಕೊನೆಯ ಬೈಟಿಗೆ ಮಾತ್ರ ಬೇರೆ ಗುರುತು. ಆ ವಸ್ತುವಿನ ನಡುವೆ ಒಂದು ಲಾಕ್ ಇತ್ತೆಂದುಕೊಳ್ಳಿ. ವಸ್ತುವನ್ನು ಬಿಟ್ಟ ಮೇಲೆ ಯಾರೋ ತಪ್ಪಿ ಆ ಲಾಕ್ ಹಿಡಿಯಲು ಹೋದರೆ ಏನಾಗುತ್ತದೆ? ಕೆಳಗಿನ ಬೈಟು ಸೊನ್ನೆಯಲ್ಲ, ಹಾಗಾಗಿ ಲಾಕ್ ಯಾರದೋ ಕೈಯಲ್ಲಿರುವಂತೆ ಕಾಣುತ್ತದೆ. ಬಾಗಿಲಲ್ಲಿ ನಿಂತವರ ಬಿಟ್ ಕೂಡ ಏರಿದೆ. ಹೀಗಾಗಿ ಬಂದ ಸಿಪಿಯು ಸರತಿಗೆ ಸೇರಲು ಹೋಗಿ, ಕೊನೆಯಲ್ಲಿ ಯಾರಿದ್ದಾರೆ ಎಂದು ಮೇಲ್ತುದಿಯ ಬಿಟ್‌ಗಳನ್ನು ಓದುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ ಆ ಲೆಕ್ಕದಿಂದ ಬರುವ ಸಿಪಿಯು ಸಂಖ್ಯೆ 6873.

ನಾವು ಬಳಸುವ ಯಂತ್ರಗಳಲ್ಲಿ ಅಷ್ಟು ಸಿಪಿಯುಗಳಿಲ್ಲ. ಇಲ್ಲದ ಆ ಸಿಪಿಯುವಿನ ಸರತಿ ಚೀಟಿ ಎಲ್ಲಿದೆ ಎಂದು ಲೆಕ್ಕ ಹಾಕಿದರೆ ಸಿಗುವುದು ಅರ್ಥವಿಲ್ಲದ ವಿಳಾಸ. ಲಾಕಿನ ಕ್ರಮವಿಧಿ ಅಲ್ಲಿಗೇ ನಿಲ್ಲದು. ನಿನ್ನ ಹಿಂದೆ ನಾನಿದ್ದೇನೆ ಎಂದು ತಿಳಿಸಲು ಆ ವಿಳಾಸದಲ್ಲಿ ಒಂದು ಪಾಯಿಂಟರ್ ಬರೆಯುತ್ತದೆ. ಅದೃಷ್ಟವಿದ್ದರೆ ಆ ಬರಹ ಅಲ್ಲೇ ಪೇಜ್ ಫಾಲ್ಟ್ ಆಗಿ ಯಂತ್ರ ಬೀಳುತ್ತದೆ. ಇಲ್ಲದಿದ್ದರೆ ಇನ್ನಾರದೋ ಮೆಮೊರಿ ಕೆಡುತ್ತದೆ, ಬರೆದ ಸಿಪಿಯು ಎಂದೂ ಬಾರದ ಸರದಿಗೆ ಕಾಯುತ್ತ ಉಳಿಯುತ್ತದೆ. ಇಲ್ಲಿ ಗಮನಿಸಬೇಕಾದದ್ದು ಇದು: ಕೆಟ್ಟ ಲಾಕ್ ನಮ್ಮನ್ನು ಬರಿದೆ ತಡೆದು ನಿಲ್ಲಿಸುವುದಿಲ್ಲ, ಕೆಡುಕನ್ನು ಇನ್ನೊಂದು ಕಡೆಗೆ ಹರಡುತ್ತದೆ. ಹಾಗೆ ಹರಡುವವನು ಮೆಮೊರಿ ತಪ್ಪಿನ ಪತ್ತೆಗಾರನೇ ಆದರೆ, ದೋಷದ ವರದಿ ಬರೆಯಬೇಕಾದ ಕೈಯೇ ಹೊಸ ದೋಷ ಬರೆದಂತಾಯಿತು. ಲಾಕ್ ಕೆಟ್ಟಿದೆಯೇ ಎಂದು ಪರೀಕ್ಷಿಸುವ ವ್ಯವಸ್ಥೆಯೂ ಕರ್ನಲ್‌ನಲ್ಲಿದೆ. ಸ್ಪಿನ್‌ಲಾಕ್ ತಪಾಸಣೆಯನ್ನು ಚಾಲೂ ಮಾಡಿದರೆ ಪ್ರತಿ ಲಾಕಿನೊಳಗೂ ಗೊತ್ತುಪಡಿಸಿದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದು ಬದಲಾಗಿದ್ದರೆ ಹಿಡಿಯುವ ಮುನ್ನವೇ ಎಚ್ಚರಿಕೆ ಬರುತ್ತದೆ. ಆದರೆ ಅದು ತಪಾಸಣೆಯ ಕರ್ನಲ್‌ಗಳಲ್ಲಿ ಮಾತ್ರ. ಬಳಕೆಯ ಯಂತ್ರಗಳಲ್ಲಿ ಲಾಕ್ ಎಂದರೆ ಬರಿ ಆ 32 ಬಿಟ್.

ಇನ್ನು ಎರಡನೆಯ ಭಾಗಕ್ಕೆ ಬರೋಣ: ಲೆಕ್ಕಪತ್ರ ಎಲ್ಲಿರಬೇಕು? ಇಲ್ಲಿ ಕೇಸಾನ್ ಮತ್ತು ಕೆಫೆನ್ಸ್ ಎರಡು ಭಿನ್ನ ದಾರಿ ಹಿಡಿದಿವೆ, ಎರಡಕ್ಕೂ ಅವುಗಳದೇ ಕಾರಣಗಳಿವೆ. ಕೇಸಾನ್‌ನ ಸಾಮಾನ್ಯ ವಿಧಾನದಲ್ಲಿ, ವಸ್ತುವನ್ನು ಪಡೆದವರ ವಿವರ ವಸ್ತುವಿನ ಪಕ್ಕದಲ್ಲಿ ಕಾವಲಿಗೆಂದು ಬಿಟ್ಟ ಕೆಂಪು ವಲಯದಲ್ಲಿ ಇರುತ್ತದೆ. ವಸ್ತು ದೊಡ್ಡದಿದ್ದರೆ, ಬಿಟ್ಟುಕೊಟ್ಟವರ ವಿವರ ಬಿಟ್ಟ ವಸ್ತುವಿನೊಳಗೇ ಕುಳಿತುಕೊಳ್ಳುತ್ತದೆ. ಲಕ್ಷಗಟ್ಟಲೆ ವಸ್ತುಗಳನ್ನು ಕಾಯಬೇಕಾದ ಸಾಧನಕ್ಕೆ ಇದು ಮಿತವ್ಯಯದ ದಾರಿ. ಆದರೆ ಎಲ್ಲೆ ಮೀರಿದ ಬರಹ ಮೊದಲು ತಾಗುವುದೇ ಆ ಕೆಂಪು ವಲಯಕ್ಕೆ. ಬಿಟ್ಟ ಮೇಲೆ ಮುಟ್ಟುವ ತಪ್ಪು ತಾಗುವುದೇ ಬಿಟ್ಟ ವಸ್ತುವಿನ ಒಡಲಿಗೆ. ಕೇಸಾನ್ ಬರಹಕ್ಕೆ ಮೊದಲೇ ಪರೀಕ್ಷಿಸುತ್ತದಲ್ಲ, ಮತ್ತೇಕೆ ಭಯ ಎಂದು ಕೇಳಬಹುದು. ಪರೀಕ್ಷೆ ಮೊದಲು ನಡೆಯುವುದು ನಿಜ, ಮೊದಲ ವರದಿ ಶುದ್ಧವಾಗಿರುವುದೂ ನಿಜ. ಆದರೆ ವರದಿ ಮುಗಿದ ಮೇಲೆ ಯಂತ್ರವನ್ನು ನಿಲ್ಲಿಸದಿದ್ದರೆ ಆ ಬರಹ ನಡೆದೇ ತೀರುತ್ತದೆ. ಅಸೆಂಬ್ಲಿಯಲ್ಲಿ ಬರೆದ ಭಾಗಗಳಿಗೆ ಕಂಪೈಲರ್ ಸೂಚನೆಗಳ ಕಾವಲಿಲ್ಲ. ಸಾಧನಗಳು ಸಿಪಿಯುವನ್ನು ದಾಟಿ ನೇರವಾಗಿ ಮೆಮೊರಿಗೆ ಬರೆಯುವಾಗಲೂ ಆ ಕಾವಲಿಲ್ಲ. ಆದ್ದರಿಂದ ಪಕ್ಕದಲ್ಲಿಟ್ಟ ಲೆಕ್ಕಪತ್ರವನ್ನು ಕೆಟ್ಟಿರಬಹುದಾದ ದಾಖಲೆ ಎಂದೇ ಎಣಿಸಿ ಓದಬೇಕು.

ಕೆಫೆನ್ಸ್ ಲೆಕ್ಕಪತ್ರವನ್ನು ವಸ್ತುಗಳ ಕೊಳದಿಂದ ಹೊರಗೆ, ಬೇರೆಯೇ ಸಾಲಿನಲ್ಲಿ ಇಡುತ್ತದೆ. ಪ್ರತಿ ವಸ್ತುವಿನ ಲಾಕ್, ಅದರ ಸ್ಥಿತಿ, ಪಡೆದ ಮತ್ತು ಬಿಟ್ಟ ಸ್ಟ್ಯಾಕ್ ಟ್ರೇಸ್ ಎಲ್ಲವೂ ಅಲ್ಲಿವೆ. ವಸ್ತುವಿನ ಪೇಜಿನೊಳಗೆ ಉಳಿಯುವುದು ಕಾವಲು ಬೈಟುಗಳು ಮಾತ್ರ. ವಸ್ತುವನ್ನು ಬಿಡುವಾಗ ಅವು ಬದಲಾಗಿವೆಯೇ ಎಂದು ನೋಡುತ್ತಾರೆ. ಎಲ್ಲೆ ಮೀರಿದ ಬರಹ ಪೇಜಿನೊಳಗೇ ನಿಂತರೆ ಆ ಬೈಟುಗಳು ಕೆಡುತ್ತವೆ, ಕೆಟ್ಟದ್ದೇ ಸಾಕ್ಷ್ಯವಾಗುತ್ತದೆ. ಪೇಜು ದಾಟಿದರೆ ಮುಟ್ಟಲಾಗದ ಪೇಜಿಗೆ ತಾಗಿ ಸಿಪಿಯುವೇ ತಡೆಯುತ್ತದೆ. ಲಾಕಿರುವ ಜಾಗ ಎರಡರಿಂದಲೂ ದೂರ. ವಸ್ತುವಿನ ವಿಳಾಸದಿಂದ ಅದರ ಲೆಕ್ಕಪತ್ರವನ್ನು ಹುಡುಕುವ ರೀತಿಯೂ ಇಷ್ಟೇ ಮುಖ್ಯ. ವಸ್ತುವಿನೊಳಗಿನ ಯಾವುದೇ ಪಾಯಿಂಟರನ್ನು ಕೆಫೆನ್ಸ್ ಹಿಂಬಾಲಿಸುವುದಿಲ್ಲ. ವಿಳಾಸದಿಂದ ಕೊಳದ ಆರಂಭವನ್ನು ಕಳೆದು, ಎರಡು ಪೇಜಿನ ಅಳತೆಯಿಂದ ಭಾಗಿಸಿ ಕ್ರಮಸಂಖ್ಯೆ ಪಡೆಯುತ್ತದೆ. ಆ ಸಂಖ್ಯೆ ಮಿತಿಯೊಳಗಿಲ್ಲದಿದ್ದರೆ ಲೆಕ್ಕಪತ್ರ ಇಲ್ಲವೆಂದು ಒಪ್ಪಿಕೊಂಡು, ಲಾಕಿನ ತಂಟೆಗೆ ಹೋಗದೆ, ಅಮಾನ್ಯ ಪ್ರವೇಶ ಎಂದು ವರದಿ ಮಾಡುತ್ತದೆ. ಕೆಟ್ಟ ಮೆಮೊರಿ ಹೇಳಿದ ಮಾತನ್ನು ನಂಬುವುದಕ್ಕೂ ಗಣಿತದಿಂದ ತಾನೇ ಕಂಡುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇದು.

ಕೇಸಾನ್ ಕೂಡ ಈ ಪಾಠವನ್ನು ಇನ್ನೊಂದು ಬಗೆಯಲ್ಲಿ ಕಲಿತಿದೆ. ಅದು ಪೂರ್ಣ ಸ್ಟ್ಯಾಕ್ ಟ್ರೇಸನ್ನು ಕೆಂಪು ವಲಯದಲ್ಲಿ ಇಡುವುದಿಲ್ಲ. ಟ್ರೇಸುಗಳೆಲ್ಲ ಸ್ಟ್ಯಾಕ್ ಡಿಪೋ ಎಂಬ ಸಾಮಾನ್ಯ ಉಗ್ರಾಣದಲ್ಲಿರುತ್ತವೆ. ವಸ್ತುವಿನ ಪಕ್ಕದಲ್ಲಿರುವುದು 32 ಬಿಟ್‌ಗಳ ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಕೆಟ್ಟು ಉಗ್ರಾಣದ ಮಿತಿ ಮೀರಿದ್ದರೆ ಎಚ್ಚರಿಕೆ ಕೊಟ್ಟು ಟ್ರೇಸ್ ಇಲ್ಲವೆಂದು ಮರಳುತ್ತದೆ. ಪಾಯಿಂಟರ್ ಇಟ್ಟಿದ್ದರೆ ಕೆಟ್ಟ ಪಾಯಿಂಟರನ್ನು ಹಿಡಿದು ಕತ್ತಲೆಗೆ ಹೋಗಬೇಕಾಗುತ್ತಿತ್ತು. ಸ್ಲಬ್‌ನ ಅನುಭವವೂ ಇದನ್ನೇ ಹೇಳುತ್ತದೆ. ಅದರ ಖಾಲಿ ವಸ್ತುಗಳ ಸರಪಳಿಯ ಕೊಂಡಿಗಳು ಖಾಲಿ ವಸ್ತುಗಳೊಳಗೇ ಇರುವುದರಿಂದ ಅವು ತಪ್ಪಿನ ನೇರ ಗುರಿ. ಹಾಗಾಗಿ ತಪಾಸಣೆಯ ವಿಧಾನದಲ್ಲಿ ಪ್ರತಿ ಕೊಂಡಿಯೂ ಅದೇ ಸ್ಲ್ಯಾಬಿನ ಸರಿಯಾದ ಜಾಗಕ್ಕೆ ತೋರಿಸುತ್ತದೆಯೇ ಎಂದು ನೋಡಿಯೇ ಮುಂದೆ ಹೋಗುತ್ತಾರೆ. ಆದರೂ ಒಂದು ಬಿರುಕು ಉಳಿದಿತ್ತು. ಸರಪಳಿ ಕೆಟ್ಟು ವಸ್ತುವಿನ ಪಾಯಿಂಟರೇ ಅಮಾನ್ಯ ಎಂದು ತಿಳಿದ ಮೇಲೂ, ಅದನ್ನು ವರದಿ ಮಾಡುವ ಭಾಗ ಅದೇ ಪಾಯಿಂಟರಿನ ಸುತ್ತಲ ವಿವರ ಓದಲು ಹೋಗಿ ತಾನೇ ಬೀಳಬಹುದಿತ್ತು. 2025ರ ಒಂದು ತಿದ್ದುಪಡಿ ಅದನ್ನು ಸರಿಮಾಡಿತು: ಪಾಯಿಂಟರ್ ಅಮಾನ್ಯವಾದರೆ ವಸ್ತುವಿನ ಮೆಟಾಡೇಟಾವನ್ನು ಮುಟ್ಟಲೇಬೇಡ. 2007ರಿಂದ ಇರುವ, ಸಾವಿರಾರು ಕಣ್ಣುಗಳು ಓದಿದ ತಂತ್ರಾಂಶದಲ್ಲಿ ಇಂಥ ದೋಷ ಇಷ್ಟು ತಡವಾಗಿ ಸರಿಯಾಯಿತೆಂದರೆ, ಈ ಶಿಸ್ತು ತಾನಾಗಿ ಬರುವಂಥದ್ದಲ್ಲ, ಕಲಿಸಿ ಕಲಿಯಬೇಕಾದದ್ದು ಎಂದೇ ಅರ್ಥ.

ಜಾಗದ ಮಾತು ಮುಗಿಯಿತು. ಮೂರನೆಯ ಭಾಗ ಸಮಯದ್ದು: ವರದಿ ಬರೆಯುತ್ತಿರುವ ಆ ಗಳಿಗೆಯಲ್ಲಿ ಲಾಕ್ ಹೇಗೆ ನಡೆದುಕೊಳ್ಳಬೇಕು? ಲಾಕ್ ಕೆಡದೆ ಶುದ್ಧವಾಗಿದ್ದರೂ ಇಲ್ಲಿ ಅಪಾಯವಿದೆ. ಮೆಮೊರಿ ತಪ್ಪು ಹೇಳಿಕೇಳಿ ಬರುವುದಿಲ್ಲ. ಇಂಟರಪ್ಟ್ ನಿಂತಿರುವಾಗ, ಶೆಡ್ಯೂಲರ್ ತನ್ನ ಲಾಕ್ ಹಿಡಿದಿರುವಾಗ, ಯಾವ ಹೊತ್ತಿನಲ್ಲಾದರೂ ಬರುತ್ತದೆ. ಆದ್ದರಿಂದ ಪತ್ತೆಗಾರನ ಲಾಕ್ ನಿದ್ರಿಸುವ ಜಾತಿಯದಾಗಿರಬಾರದು. 2024ರಲ್ಲಿ ಲಿನಕ್ಸ್ 6.12ರೊಂದಿಗೆ ಮುಖ್ಯ ಕರ್ನಲ್‌ನಲ್ಲೇ ಆರಿಸಿಕೊಳ್ಳಲು ಸಿಕ್ಕ ರಿಯಲ್‌ಟೈಮ್ ವಿಧಾನದಲ್ಲಿ ಸಾಮಾನ್ಯ ಸ್ಪಿನ್‌ಲಾಕ್‌ಗಳು ನಿದ್ರಿಸಬಲ್ಲ ಲಾಕ್‌ಗಳಾಗುತ್ತವೆ. ಅದಕ್ಕಾಗಿಯೇ ಕೇಸಾನ್ ವರದಿಯ ಲಾಕ್, ಕೆಫೆನ್ಸ್‌ನ ಪ್ರತಿ ವಸ್ತುವಿನ ಲಾಕ್ ಎರಡೂ ಎಲ್ಲ ವಿಧಾನಗಳಲ್ಲೂ ನಿದ್ರಿಸದ ಕಚ್ಚಾ ಸ್ಪಿನ್‌ಲಾಕ್‌ಗಳು. ಕೇಸಾನ್‌ನ ವರದಿ ಲಾಕ್ ಇಡೀ ಕರ್ನಲ್‌ಗೆ ಒಂದೇ. ಅದು ಕರ್ನಲ್‌ನ ಸ್ಥಿರ ದತ್ತಾಂಶದಲ್ಲಿದೆ, ಹಂಚಿದ ವಸ್ತುಗಳ ನೆರೆಯಲ್ಲಿಲ್ಲ. ಎಲ್ಲೆ ಮೀರಿದ ಸಾಮಾನ್ಯ ಬರಹಕ್ಕೆ ಅದು ಎಟುಕುವುದು ಕಷ್ಟ.

ಕೆಫೆನ್ಸ್‌ನ ಒಂದು ಸನ್ನಿವೇಶ ಈ ಭಾಗದ ತಿರುಳು. ಬಿಟ್ಟ ವಸ್ತುವನ್ನು ಯಾರೋ ಮುಟ್ಟಿದರು ಎಂದುಕೊಳ್ಳೋಣ. ಕೆಫೆನ್ಸ್ ಆ ವಸ್ತುವಿನ ಲಾಕ್ ಹಿಡಿದು ವರದಿ ಮುದ್ರಿಸಲು ಹೊರಡುತ್ತದೆ. ಮುದ್ರಿಸುವ ದಾರಿಯಲ್ಲಿ ಯಾವುದೋ ಭಾಗ ಮೆಮೊರಿ ಬೇಕೆಂದು ಕೇಳುತ್ತದೆ, ಆ ಬೇಡಿಕೆ ತಿರುಗಿ ಕೆಫೆನ್ಸ್‌ಗೇ ಬರುತ್ತದೆ. ಕೆಫೆನ್ಸ್ ಖಾಲಿ ವಸ್ತುವನ್ನು ಆರಿಸುವಾಗ ಸಿಕ್ಕಿದ್ದು ಅದೇ ವಸ್ತು! ಅದರ ಲಾಕ್ ಆಗಲೇ ತನ್ನ ಕೈಯಲ್ಲೇ ಇದೆ. ಕಾದರೆ ತನ್ನನ್ನು ತಾನೇ ಕಾದಂತೆ, ಅಂದರೆ ಡೆಡ್‌ಲಾಕ್. ಈ ಸಾಧ್ಯತೆ ಅತ್ಯಂತ ವಿರಳ. ಇದನ್ನು ಯಾರೂ ಕಣ್ಣಾರೆ ಕಂಡಿಲ್ಲ, ಲಾಕ್ ಹಿಡಿಯುವ ಕ್ರಮವನ್ನು ಪರೀಕ್ಷಿಸುವ ಲಾಕ್‌ಡೆಪ್ ಎಂಬ ಸಾಧನ ಮಾತ್ರ ಸಾಧ್ಯತೆ ತೋರಿಸಿದೆ ಎಂದು ಆ ಕೋಡ್ ಬರೆದವರೇ ಅಲ್ಲಿ ಟಿಪ್ಪಣಿ ಮಾಡಿದ್ದಾರೆ. ಆದರೂ ಅವರು ಪರಿಹಾರ ಬರೆದರು: ಮೆಮೊರಿ ಹಂಚುವಾಗ ವಸ್ತುವಿನ ಲಾಕಿಗೆ ಕಾಯಬೇಡ, ಸಿಗುವುದೇ ನೋಡು, ಸಿಗದಿದ್ದರೆ ವಸ್ತುವನ್ನು ಖಾಲಿ ಸರಪಳಿಯ ಹಿಂದಕ್ಕೆ ಸೇರಿಸಿ ಹೊರಟುಹೋಗು. ಹಾಗೆ ಹೋದರೆ ಕಳೆದುಕೊಳ್ಳುವುದು ಒಂದು ಹಂಚಿಕೆಯ ಕಾವಲು ಮಾತ್ರ. ಆ ಬೇಡಿಕೆಗೆ ಸಾಮಾನ್ಯ ಹಂಚಿಕೆಯಿಂದ ಮೆಮೊರಿ ಸಿಗುತ್ತದೆ. ಕಾದಿದ್ದರೆ ಯಂತ್ರವನ್ನೂ ವರದಿಯನ್ನೂ ಕಳೆದುಕೊಳ್ಳುತ್ತಿದ್ದೆವು. ಯಾರೂ ಕಾಣದ ಅಪಾಯಕ್ಕೆ ಹೀಗೆ ಮುಂಚೆಯೇ ಬೇಲಿ ಹಾಕಿದ್ದನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ.

ಇದೇ ಭಾಗದಲ್ಲಿ ಇನ್ನೊಂದು ನಿರ್ಧಾರವನ್ನೂ ಹೇಳಬೇಕು. 2006ರಿಂದ ಕರ್ನಲ್‌ನಲ್ಲಿರುವ ಲಾಕ್‌ಡೆಪ್, ಲಾಕ್‌ಗಳನ್ನು ಹಿಡಿಯುವ ಕ್ರಮದಲ್ಲಿ ಡೆಡ್‌ಲಾಕ್ ಸಾಧ್ಯತೆಯಿದೆಯೇ ಎಂದು ಕಾಯುವ ಸಾಧನ. ಕೆಫೆನ್ಸ್ ಮತ್ತು ಕೇಸಾನ್ ಎರಡೂ ವರದಿ ಬರೆಯುವಾಗ ಈ ಕಾವಲನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತವೆ. ಕಾವಲುಗಾರನ ಕಣ್ಣು ಮುಚ್ಚಿಸುವುದು ತಪ್ಪಲ್ಲವೇ ಎನ್ನಿಸಬಹುದು. ಕೆಫೆನ್ಸ್ ಬರೆದವರ ತರ್ಕ ಹೀಗಿದೆ: ಕರ್ನಲ್‌ನ ಎಲ್ಲ ಭಾಗಗಳಿಂದಲೂ ಮುದ್ರಣ ಸುರಕ್ಷಿತವೆಂದು ಹೇಳಲಾಗದು, ಆದರೆ ಮೆಮೊರಿ ತಪ್ಪು ಆಗಲೇ ನಡೆದಿರುವುದರಿಂದ ಯಂತ್ರದ ನಡತೆ ಈಗಾಗಲೇ ಅನಿಶ್ಚಿತ, ಇಂಥ ಹೊತ್ತಿನಲ್ಲಿ ಸಣ್ಣ ಅಪಾಯವನ್ನು ಒಪ್ಪಿಕೊಂಡು ಸಂದೇಶವನ್ನು ಹೊರಗೆ ಕಳಿಸುವುದೇ ಮೇಲು. ಲಾಕ್‌ಡೆಪ್‌ನ ಸ್ವಂತ ನಡತೆಯೂ ಗಮನಾರ್ಹ. ಒಂದು ದೋಷ ಕಂಡುಹಿಡಿದು ವರದಿ ಮಾಡಿದ ಮೇಲೆ ಅದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಕೇಸಾನ್ ಕೂಡ ಬೇರೆ ಹೇಳದಿದ್ದರೆ ಮೊದಲ ವರದಿಯನ್ನು ಮಾತ್ರ ಮುದ್ರಿಸುತ್ತದೆ. ಮೊದಲ ತಪ್ಪಿನ ನಂತರ ತಮ್ಮ ಲೆಕ್ಕಪತ್ರವೂ ನಂಬಿಕೆಗೆ ಅರ್ಹವಲ್ಲ ಎಂಬುದನ್ನು ಈ ಸಾಧನಗಳು ತಮ್ಮ ನಡತೆಯಲ್ಲೇ ಒಪ್ಪಿಕೊಂಡಿವೆ. ಕಳವಾದ ಮನೆಗೆ ಮಹಜರು ಮಾಡಲು ಬಂದ ಅಧಿಕಾರಿ ಕಳ್ಳ ಮುರಿದ ಬೀಗವನ್ನೇ ಮತ್ತೆ ಹಾಕಿ ಸಾಕ್ಷ್ಯ ಭದ್ರವಾಯಿತೆಂದು ನಂಬುವುದಿಲ್ಲ. ತಾನು ತಂದ ಮೊಹರು ಹಾಕುತ್ತಾನೆ, ಕಂಡದ್ದನ್ನು ಕಂಡಷ್ಟೇ ಬರೆಯುತ್ತಾನೆ. ಇಲ್ಲಿರುವುದೂ ಅಂಥದ್ದೇ ಶಿಸ್ತು.

ಈಗ ನಾಲ್ಕನೆಯ ಭಾಗ: ಲಾಕೇ ಬೇಡವಾಗುವ ವಿನ್ಯಾಸ. ಇದಕ್ಕೆ ಕೇಸಾನ್‌ನ ಈಚಿನ ಇತಿಹಾಸ ಒಳ್ಳೆಯ ಉದಾಹರಣೆ. ಒಂದು ವಸ್ತುವಿನ ಮೇಲಿನ ಕೆಲಸವನ್ನು ಮುಂದೂಡಿದಾಗ, ಆ ಮುಂದೂಡಿಕೆ ಎಲ್ಲಿ ನಡೆಯಿತು ಎಂಬುದೂ ತಪ್ಪಿನ ಮೂಲ ಹುಡುಕಲು ಬೇಕಾಗುತ್ತದೆ. ಅದಕ್ಕಾಗಿ ಕೇಸಾನ್ ವಸ್ತುವಿನ ಪಕ್ಕದಲ್ಲಿ ಎರಡು ಸಹಾಯಕ ಟ್ರೇಸ್ ಸಂಖ್ಯೆಗಳನ್ನು ಇಡುತ್ತದೆ. ಹೊಸದು ಬಂದಾಗ ಹಳೆಯದು ಹಿಂದೆ ಸರಿಯುತ್ತದೆ. ಎರಡು ಸಿಪಿಯುಗಳು ಒಂದೇ ಗಳಿಗೆಯಲ್ಲಿ ಇದನ್ನು ಮಾಡಿದರೆ ಒಂದು ಟ್ರೇಸ್ ಕಳೆದುಹೋಗಬಹುದು, ಅಷ್ಟೇ. ನಷ್ಟ ಸಣ್ಣದಾದ್ದರಿಂದ ಅಲ್ಲಿ ಲಾಕ್ ಇರಲಿಲ್ಲ. 2023ರ ಕೊನೆಯಲ್ಲಿ, ಬಳಕೆಯಿಲ್ಲದ ಟ್ರೇಸುಗಳನ್ನು ಉಗ್ರಾಣದಿಂದ ತೆಗೆದುಹಾಕುವ ಏರ್ಪಾಟು ಕೇಸಾನ್‌ನ ಸಾಮಾನ್ಯ ವಿಧಾನಕ್ಕೂ ಬಂತು. ತೆಗೆಯಬೇಕಾದರೆ ಪ್ರತಿ ಟ್ರೇಸಿಗೆ ಎಷ್ಟು ಬಳಕೆದಾರರಿದ್ದಾರೆ ಎಂಬ ಎಣಿಕೆ ಬೇಕು. ಆಗ ಹಳೆಯ ನಿರುಪದ್ರವಿ ಪೈಪೋಟಿ ಉಪದ್ರವಿಯಾಯಿತು: ಎರಡು ಸಿಪಿಯುಗಳು ಒಟ್ಟಿಗೆ ಮುಟ್ಟಿದರೆ ಎಣಿಕೆ ತಪ್ಪಿ ಸೊನ್ನೆಗಿಂತ ಕೆಳಗೆ ಇಳಿಯಬಹುದು. ಅದನ್ನು ತಡೆಯಲು ಸಹಾಯಕ ಟ್ರೇಸುಗಳಿಗೊಂದು ಕಚ್ಚಾ ಸ್ಪಿನ್‌ಲಾಕ್ ಬಂತು, ಅದು ಕುಳಿತದ್ದು ವಸ್ತುವಿನ ಪಕ್ಕದ ಮೆಟಾಡೇಟಾದಲ್ಲಿ.

ಈಗಾಗಲೇ ನೋಡಿದಂತೆ, ಆ ಜಾಗ ಎಲ್ಲೆ ಮೀರಿದ ಬರಹದ ಮೊದಲ ಗುರಿ. ಅಂದರೆ ಎಣಿಕೆಯನ್ನು ಸರಿಯಿಡಲು ಹಾಕಿದ ಲಾಕ್, ದೋಷದ ಕೈಗೇ ಎಟುಕುವಂತಿತ್ತು. 2024ರ ಆರಂಭದಲ್ಲಿ ಸ್ಟ್ಯಾಕ್ ಡಿಪೋದಲ್ಲಿ ಅಳತೆ ಬದಲಾಗುವ ದಾಖಲೆಗಳನ್ನು ಮತ್ತೆ ತಂದು, ಸಾಮಾನ್ಯ ವಿಧಾನದಿಂದ ಈ ತೆಗೆದುಹಾಕುವ ಏರ್ಪಾಟನ್ನು ಹಿಂದೆಗೆದುಕೊಳ್ಳಲಾಯಿತು. ಅದಕ್ಕೆ ಕೊಟ್ಟ ಕಾರಣ ಮೆಮೊರಿ ಉಳಿತಾಯ ಮತ್ತು ವೇಗ. ಕೆಟ್ಟ ಲಾಕಿನ ಭಯ ಆ ಬದಲಾವಣೆಯ ಉದ್ದೇಶವಾಗಿರಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೂ ಅದರ ಫಲವಾಗಿ ಎಣಿಕೆ ಹೋಯಿತು, ಎಣಿಕೆಯೊಂದಿಗೆ ಲಾಕಿನ ಅಗತ್ಯವೂ ಹೋಯಿತು. ಪೈಪೋಟಿಯಿಂದ ಆಗಬಹುದಾದ ಅತಿ ದೊಡ್ಡ ನಷ್ಟ ಮತ್ತೆ ಒಂದು ಟ್ರೇಸಿಗೆ ಇಳಿಯಿತು. ಲಾಕ್ ಹಾಕುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ: ಲಾಕ್ ಇಲ್ಲದಿದ್ದರೆ ಅತಿ ಕೆಟ್ಟದ್ದೆಂದರೆ ಏನಾಗಬಹುದು? ಒಂದು ಸಾಲು ಕಳೆದುಹೋಗುವುದಾದರೆ ಲಾಕ್ ಬೇಡ. ಎಣಿಕೆ ಕೆಡುವುದಾದರೆ, ಎಣಿಕೆಯಿಲ್ಲದೆ ನಡೆಯುವ ವಿನ್ಯಾಸ ಸಾಧ್ಯವೇ ಎಂದು ಮೊದಲು ಹುಡುಕಬೇಕು. ಸಾಧ್ಯವೇ ಇಲ್ಲದಿದ್ದಾಗ ಲಾಕಿಗೆ ಅಲ್ಲ, ಲಾಕಿನ ಜಾಗಕ್ಕೆ ಮೊದಲ ಗಮನ ಹೋಗಬೇಕು.

ಇಲ್ಲಿಗೆ ನಾಲ್ಕು ಭಾಗಗಳು ಮುಗಿದವು. ಇನ್ನು ಆಕ್ಷೇಪಗಳು. ಮೆಮೊರಿ ಕೆಟ್ಟ ಮೇಲೆ ಯಂತ್ರವನ್ನು ಕೂಡಲೇ ನಿಲ್ಲಿಸಿಬಿಟ್ಟರೆ ಈ ಎಲ್ಲ ಎಚ್ಚರಿಕೆ ಏಕೆ ಎಂಬುದು ಮೊದಲನೆಯದು. ಅನೇಕ ಕಡೆ ನಿಲ್ಲಿಸುವುದೇ ಸರಿ. ಕೇಸಾನ್‌ನಲ್ಲಿ ಅದಕ್ಕೆ ಆಯ್ಕೆಯೂ ಇದೆ. ಆದರೆ ನಿಲ್ಲಿಸುವ ಮುನ್ನ ಏಕೆ ನಿಲ್ಲಿಸಿದೆ ಎಂದು ಹೇಳಲೇಬೇಕಲ್ಲ. ಹೇಳದೆ ನಿಂತ ಯಂತ್ರದಿಂದ ದೋಷ ಇದೆ ಎಂಬುದಷ್ಟೇ ತಿಳಿಯುತ್ತದೆ, ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ನಿಲ್ಲಿಸುವ ನೀತಿ ಬಿಗಿಯಾದಷ್ಟೂ ವರದಿ ಬರೆಯುವ ಕೆಲವು ಮಿಲಿಸೆಕೆಂಡುಗಳ ಬೆಲೆ ಹೆಚ್ಚುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಕರ್ನಲ್‌ನ ಎಲ್ಲ ಮೆಮೊರಿಯೂ ಒಂದೇ ವಿಳಾಸ ಜಾಗದಲ್ಲಿದೆ, ದಾರಿತಪ್ಪಿದ ಪಾಯಿಂಟರ್ ಎಲ್ಲಿಗೆ ಬೇಕಾದರೂ ಬರೆಯಬಹುದು. ಹಾಗಾದರೆ ಸುರಕ್ಷಿತ ಜಾಗವೆಂಬುದು ಭ್ರಮೆಯಲ್ಲವೇ? ಪೂರ್ಣ ಸುರಕ್ಷಿತ ಜಾಗ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ತಪ್ಪುಗಳು ಎಲ್ಲ ಕಡೆಗೂ ಸಮನಾಗಿ ಬೀಳುವುದಿಲ್ಲ. ಎಲ್ಲೆ ಮೀರಿದ ಬರಹ ಬೀಳುವುದು ನೆರೆಯಲ್ಲಿ. ಬಿಟ್ಟ ಮೇಲೆ ಮುಟ್ಟುವ ತಪ್ಪು ಬೀಳುವುದು ಹಳೆಯ ಜಾಗದಲ್ಲಿ. ಈ ಎರಡು ದಾರಿಗಳಿಂದ ಲಾಕನ್ನು ದೂರವಿಟ್ಟರೆ, ಸಾಮಾನ್ಯವಾಗಿ ಸಂಭವಿಸುವ ತಪ್ಪುಗಳ ಮುಂದೆ ಪತ್ತೆಗಾರ ಗಟ್ಟಿಯಾಗಿ ನಿಲ್ಲುತ್ತಾನೆ. ಎಆರ್‌ಎಂನ ಮೆಮೊರಿ ಟ್ಯಾಗಿಂಗ್ ಇದೇ ತತ್ವವನ್ನು ಯಂತ್ರಾಂಶದಲ್ಲೇ ಮಾಡಿತು. ಅಲ್ಲಿ ಪ್ರತಿ 16 ಬೈಟಿಗೆ 4 ಬಿಟ್ಟಿನ ಗುರುತು ಇರುತ್ತದೆ, ಸಾಮಾನ್ಯ ಬರಹದ ಸೂಚನೆಗಳಿಂದ ಅದನ್ನು ಬದಲಿಸಲಾಗದು, ಅದಕ್ಕೆ ಪ್ರತ್ಯೇಕ ಸೂಚನೆಗಳೇ ಬೇಕು. 2021ರಲ್ಲಿ ಲಿನಕ್ಸ್ 5.11ರೊಂದಿಗೆ ಕೇಸಾನ್‌ಗೆ ಇದರ ಬೆಂಬಲ ಬಂತು. ಲೆಕ್ಕಪತ್ರ ದೋಷದ ದಾರಿಯಿಂದ ದೂರವಿರಲಿ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಸಮರ್ಥನೆ ಬೇಕಿಲ್ಲ.

ಮೂರನೆಯ ಆಕ್ಷೇಪ, ಲಾಕ್ ಸಿಗದಾಗ ಕೈಬಿಡುವುದರಿಂದ ಮಾಹಿತಿ ನಷ್ಟವಾಗುತ್ತದೆ ಎಂಬುದು. ಆಗುತ್ತದೆ, ನಿಜ. ಆದರೆ ಆ ನಷ್ಟಕ್ಕೆ ಮಿತಿಯಿದೆ, ಅದು ಎಲ್ಲಿ ಆಯಿತೆಂದು ಗೊತ್ತಿದೆ. ಕೆಟ್ಟ ಲಾಕಿಗೆ ಕಾದು ಆಗುವ ನಷ್ಟಕ್ಕೆ ಮಿತಿಯೇ ಇಲ್ಲ. ಇನ್ನೊಂದು ಆಕ್ಷೇಪ ಭವಿಷ್ಯದ್ದು: 2022ರ ಕೊನೆಯಲ್ಲಿ ಲಿನಕ್ಸ್ 6.1ರೊಂದಿಗೆ ರಸ್ಟ್ ಭಾಷೆಗೆ ಆರಂಭಿಕ ಬೆಂಬಲ ಬಂದಿದೆ. ಮೆಮೊರಿ ತಪ್ಪುಗಳನ್ನು ಕಂಪೈಲ್ ಹಂತದಲ್ಲೇ ತಡೆಯುವ ಭಾಷೆ ಬಂದ ಮೇಲೆ ಪತ್ತೆಗಾರರ ಕಾಲ ಮುಗಿಯಿತಲ್ಲವೇ? ರಸ್ಟ್‌ನ ಆಗಮನವನ್ನು ನಾನು ಸ್ವಾಗತಿಸುತ್ತೇನೆ. ಆದರೆ ಕೋಟ್ಯಂತರ ಸಾಲುಗಳ ಸಿ ಕೋಡ್ ಒಂದು ದಶಕದಲ್ಲಿ ಮಾಯವಾಗುವುದಿಲ್ಲ, ರಸ್ಟ್ ಭಾಗಗಳು ಅದೇ ಸಿ ಭಾಗಗಳ ಜೊತೆಯಲ್ಲೇ ಮೆಮೊರಿ ಹಂಚಿಕೊಂಡು ಬಾಳಬೇಕು, ಯಂತ್ರಾಂಶದ ಅಂಚಿನಲ್ಲಿ ರಸ್ಟ್ ಕೂಡ ತನ್ನ ಕಾವಲಿಲ್ಲದ ವಿಭಾಗಗಳನ್ನು ಬಳಸಲೇಬೇಕು. ತಪ್ಪುಗಳು ವಿರಳವಾದಷ್ಟೂ ಒಂದೊಂದು ವರದಿಯ ಬೆಲೆ ಏರುತ್ತದೆ, ಇಳಿಯುವುದಿಲ್ಲ.

ಮುಕ್ತಾಯಕ್ಕೆ ಬರುತ್ತೇನೆ. ಆಪರೇಟಿಂಗ್ ಸಿಸ್ಟಮ್ ಪಾಠಗಳಲ್ಲಿ ಲಾಕ್ ಎಂದರೆ ಪರಸ್ಪರ ಹೊರಗಿಡುವಿಕೆ, ಕ್ರಮ, ನ್ಯಾಯವಾದ ಸರತಿ ಎಂದು ನಮ್ಮ ತರಗತಿಗಳಲ್ಲಿ ಕಲಿಸುತ್ತೇವೆ. ಲಾಕ್ ತಾನೇ ಸರಿಯಾಗಿದೆ ಎಂಬುದನ್ನು ಮಾತ್ರ ಹೇಳದೆ ಒಪ್ಪಿಕೊಂಡುಬಿಡುತ್ತೇವೆ. ಪತ್ತೆಸಾಧನ ಬರೆಯುವವರಿಗೆ ಆ ಒಪ್ಪಿಗೆಯ ಹಕ್ಕಿಲ್ಲ. ಇಲ್ಲಿರುವ ಅಧ್ಯಾಪಕರಿಗೂ, ನಾಳೆ ಕರ್ನಲ್ ಪ್ಯಾಚ್ ಬರೆಯಲಿರುವ, ಇನ್ನೊಬ್ಬರ ಪ್ಯಾಚ್ ಓದಲಿರುವ ವಿದ್ಯಾರ್ಥಿಗಳಿಗೂ ನಾಲ್ಕು ಪ್ರಶ್ನೆಗಳನ್ನು ಒಪ್ಪಿಸುತ್ತೇನೆ. ಈ ಲಾಕ್ ದೋಷದ ದಾರಿಯಲ್ಲಿದೆಯೇ? ಇದನ್ನು ತಲುಪಲು ನಾನು ಕೆಟ್ಟಿರಬಹುದಾದ ಪಾಯಿಂಟರನ್ನು ನಂಬುತ್ತಿದ್ದೇನೆಯೇ? ಇದು ಸಿಗದಿದ್ದರೆ ನಾನು ಕಾಯುತ್ತೇನೆಯೇ, ಕೈಬಿಡುತ್ತೇನೆಯೇ? ಇದು ಇಲ್ಲದೆಯೂ ಸತ್ಯ ಹೇಳಲು ಸಾಧ್ಯವೇ? ತುಸು ಅಪೂರ್ಣವಾದರೂ ಹೊರಬಂದ ವರದಿಯಿಂದ ಒಬ್ಬ ಎಂಜಿನಿಯರ್ ದೋಷವನ್ನು ತಿದ್ದಬಲ್ಲ. ಪರಿಪೂರ್ಣವಾಗಲು ಹೋಗಿ ಯಂತ್ರದೊಳಗೇ ಸಿಕ್ಕಿಬಿದ್ದ ವರದಿ ಯಾರಿಗೂ ಉಪಯೋಗವಿಲ್ಲ. ಈ ನಾಲ್ಕು ಪ್ರಶ್ನೆಗಳು ನಮ್ಮ ಪಠ್ಯಕ್ರಮದಲ್ಲಿ ಲಾಕಿನ ಪಾಠದ ಪಕ್ಕದಲ್ಲೇ ಜಾಗ ಪಡೆಯಲಿ ಎಂಬುದು ನನ್ನ ಬೇಡಿಕೆ.